ನಮ್ಮ ಕಣದ ಶೆಡ್ಡಿಗೆ ನೆತ್ತಿ ಎಲ್ಲಿ?

ಹೊಸ ಶೆಡ್ಡು ನೋಡಲು ಬಂದವರು ಗೇಟಿನ ಹತ್ತಿರವೇ ನಿಂತು ಕೇಳುತ್ತಾರೆ: "ಇದ್ಯಾಕೆ ಒಂದು ಕಡೆ ವಾಲಿದ ಹಾಗಿದೆ?" ವಾಲಿಲ್ಲ. ಕಂಬಗಳೆಲ್ಲ ತೂಗುಗುಂಡಿಗೆ ಸರಿಯಾಗಿ ನೆಟ್ಟಗೆ ನಿಂತಿವೆ. ಚಾವಣಿಯ ಎರಡು ಇಳಿಜಾರು ಕೂಡುವ ನೆತ್ತಿ ಮಾತ್ರ ನಡುವಿನಲ್ಲಿಲ್ಲ. 40 ಅಡಿ ಅಗಲದ ಕಟ್ಟಡದಲ್ಲಿ ಅದು ಪಡುವಣ ಗೋಡೆಯಿಂದ 32 ಅಡಿ ದೂರದಲ್ಲಿದೆ, ಮೂಡಣ ಗೋಡೆಯಿಂದ ಬರೀ 8 ಅಡಿ. ಪಡುವಣದ ಕಂಬ 10 ಅಡಿ ಎತ್ತರ, ಮೂಡಣದ್ದು 16. ಇಷ್ಟನ್ನು ತೀರ್ಮಾನ ಮಾಡಲು ನಮಗೆ ಒಂದು ಮಳೆಗಾಲ, ಒಂದು ಕಾಫಿ ಕುಯ್ಲು ಪೂರ್ತಿ ಹಿಡಿಯಿತು. ಕಬ್ಬಿಣದ ಶೆಡ್ಡು ಹಾಕಿಸಬೇಕೆಂದಿರುವ ಅಕ್ಕಪಕ್ಕದ ತೋಟದವರು ಫೋನಿನಲ್ಲಿ ಕೇಳಿದಾಗ ಅರ್ಧಂಬರ್ಧ ಹೇಳಿದ್ದೇನೆ. ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಕೊಡಗಿನ ಮೂರ್ನಾಡಿನಿಂದ ನಾಪೋಕ್ಲು ಕಡೆ ಹೋಗುವಾಗ ಸಿಗುವ ಸಣ್ಣ ತೋಟ. ರೊಬಸ್ಟಾ ಜಾಸ್ತಿ, ಮೇಲಿನ ಬರೆಯಲ್ಲಿ (ಗುಡ್ಡದ ಓರೆಯಲ್ಲಿ) ಸ್ವಲ್ಪ ಅರೇಬಿಕಾ, ಸಿಲ್ವರ್ ಓಕಿಗೆ ಹಬ್ಬಿಸಿದ ಕಾಳುಮೆಣಸು. ಗಂಡ ಮೈಸೂರಿನಲ್ಲಿ ಕೆಲಸದಲ್ಲಿದ್ದಾರೆ. ತೋಟ ನೋಡಿಕೊಳ್ಳುವುದು ಮಾವ ಮತ್ತು ನಾನು. ಕಣದ ಪಕ್ಕದಲ್ಲಿದ್ದ ಹಳೆಯ ಶೆಡ್ಡು ಎಲ್ಲರ ಶೆಡ್ಡಿನಂತೆಯೇ ಇತ್ತು: ಎರಡೂ ಕಡೆ 15 ಅಡಿ ಕಂಬ, ಸಮನಾದ ಎರಡು ವಾಟ (ಇಳಿಜಾರು), ಸರಿಯಾಗಿ ನಡುವೆ ನೆತ್ತಿ. ಕೆಳಗಿನ ತೋಟದಿಂದ ಹಣ್ಣು ಹೊತ್ತು ತರಲು ಹತ್ತಿರವಾಗಲಿ ಎಂದು ದೊಡ್ಡ ಬಾಗಿಲನ್ನು ಪಡುವಣಕ್ಕೆ ಇಡಿಸಿದ್ದೆವು. ನಮ್ಮ ಪಡುವಣಕ್ಕೆ ಏನಿದೆ ಎಂದರೆ, ಕೆರೆ, ಗದ್ದೆ, ಅದರಾಚೆ ಬೋಳು ಕಣಿವೆ. ಜೂನಿನಿಂದ ಸೆಪ್ಟೆಂಬರ್ ತನಕ ಗಾಳಿ ಮಳೆ ಎರಡೂ ಅದೇ ಕಣಿವೆಯಿಂದ ಏರಿ ಬರುತ್ತವೆ.

ಮೂರು ವರ್ಷದ ಹಿಂದೆ, ಆಗಸ್ಟ್ ಮೊದಲಲ್ಲಿ ಬರುವ ಕೊಡಗಿನ ಹಬ್ಬ ಕಕ್ಕಡ 18 ಕಳೆದು ಎರಡು ದಿನವಾಗಿತ್ತು. ಮದ್ದು ಸೊಪ್ಪಿನ ಪಾಯಸ ಇನ್ನೂ ಪಾತ್ರೆಯಲ್ಲಿತ್ತು. ರಾತ್ರಿ ಎರಡು ಗಂಟೆಗೆ ಕಣದ ಕಡೆಯಿಂದ ದೊಡ್ಡ ತಗಡನ್ನು ಯಾರೋ ಹರಿದ ಹಾಗೆ ಸದ್ದು. ಕರೆಂಟಿರಲಿಲ್ಲ. ಟಾರ್ಚು ಹಿಡಿದು ಓಡುವಷ್ಟರಲ್ಲಿ ಪಡುವಣದ ಬಾಗಿಲು ಒಳಗೆ ಮಡಚಿಕೊಂಡಿತ್ತು, ಮೇಲೆ ಏಳು ಶೀಟು ಇರಲಿಲ್ಲ. ಬೆಲೆ ಏರಲಿ ಎಂದು ಉಳಿಸಿಕೊಂಡಿದ್ದ ಚೆರಿ ಕಾಫಿ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ಮೂಟೆಗಳ ಮೇಲೆ ಮಳೆ ನೇರವಾಗಿ ಬೀಳುತ್ತಿತ್ತು. ಟಾರ್ಪಾಲು ಎಳೆಯಲು ಹೋದರೆ ಗಾಳಿ ಟಾರ್ಪಾಲನ್ನೂ ನಮ್ಮನ್ನೂ ಸೇರಿಸಿ ತಳ್ಳುತ್ತಿತ್ತು. ಬೆಳಗಾಗುವ ತನಕ ನಾನು, ಮಾವ, ಕೆಲಸದವರ ಲೈನ್ ಮನೆಯ ನಾಲ್ಕು ಜನ ಮೂಟೆಗಳನ್ನು ಮನೆಯ ಜಗಲಿಗೆ ಹೊತ್ತೆವು. ನಲವತ್ತು ಮೂಟೆಗೆ ಮುಗ್ಗಲು ಹಿಡಿಯಿತು.

ಬೆಳಿಗ್ಗೆ ಒಂದು ಶೀಟು ಮೆಣಸಿನ ಬಳ್ಳಿಗೆ ಸಿಕ್ಕಿಕೊಂಡು ನೇತಾಡುತ್ತಿತ್ತು. ಇಳಿಸಿ ಅದರ ತೂತುಗಳನ್ನು ನೋಡಿದೆ. ಒಂದೂ ಸ್ಕ್ರೂ ಮುರಿದಿರಲಿಲ್ಲ. ಸ್ಕ್ರೂಗಳೆಲ್ಲ ರಬ್ಬರ್ ವಾಷರ್ ಸಮೇತ ಪರ್ಲಿನ್ ಮೇಲೆಯೇ, ಅಂದರೆ ಶೀಟನ್ನು ಹೊರುವ ಅಡ್ಡ ಕಬ್ಬಿಣದ ಮೇಲೆಯೇ, ಕೂತಿದ್ದವು. ಶೀಟು ಅವುಗಳ ತಲೆಯ ಮೇಲಿನಿಂದ ಕಿತ್ತುಕೊಂಡು ಹೋಗಿತ್ತು. ದುಂಡಗಿನ ತೂತು ಕಣ್ಣಿನ ಆಕಾರಕ್ಕೆ ಹಿಗ್ಗಿ, ಅಂಚಿನ ತಗಡು ಮೇಲಕ್ಕೆ ಮೊಳಕೆಯ ಹಾಗೆ ಎದ್ದಿತ್ತು. ಒಂದೇ ಏಟಿಗೆ ಆದದ್ದಲ್ಲ ಅದು. ಎಷ್ಟೋ ಮಳೆಗಾಲ ಅದುರಿ ಅದುರಿ ಹಿಗ್ಗಿದ ತೂತು.

ಮಡಿಕೇರಿಯಲ್ಲಿ ನಮಗೆ ಗೊತ್ತಿರುವ ಒಬ್ಬ ಸಿವಿಲ್ ಎಂಜಿನಿಯರ್ ಹುಡುಗಿ ಬಂದು ನೋಡಿದಳು. ಅವಳು ಚಾವಣಿ ನೋಡುವ ಮೊದಲು ಬಾಗಿಲು ನೋಡಿದಳು. "ಆಂಟಿ, ಶೀಟು ಹಾರಿದ್ದು ಆಮೇಲೆ. ಮೊದಲು ಬಾಗಿಲು ಹೋಗಿದೆ," ಎಂದಳು. ಗಾಳಿ ಬರುವ ದಿಕ್ಕಿಗೇ ಬಾಯಿ ತೆರೆದುಕೊಂಡರೆ ಶೆಡ್ಡು ಊದಿದ ಚೀಲದ ಹಾಗಾಗುತ್ತದೆ. ಹೊರಗೆ ಚಾವಣಿಯ ಮೇಲೆ ಹಾಯುವ ಗಾಳಿ ಶೀಟನ್ನು ಮೇಲಕ್ಕೆ ಎಳೆಯುತ್ತಿರುತ್ತದೆ, ಒಳಗೆ ತುಂಬಿದ ಗಾಳಿ ಕೆಳಗಿನಿಂದ ದೂಡುತ್ತದೆ. ಎರಡೂ ಕೂಡಿದರೆ ಸ್ಕ್ರೂ ತಲೆ ಎಷ್ಟು ತಡೆದೀತು? ಅದೇ ಬಾಗಿಲು ಗಾಳಿಗೆ ಬೆನ್ನು ಹಾಕಿದ ಮಗ್ಗುಲಲ್ಲಿದ್ದರೆ ಒಳಗೆ ತುಸು ಎಳೆತ ಹುಟ್ಟಿ ಶೀಟನ್ನು ಕೆಳಗೇ ಹಿಡಿಯಲು ನೆರವಾಗುತ್ತದೆ. ಕಟ್ಟಡಗಳ ಮೇಲಿನ ಗಾಳಿಯ ಬಲಕ್ಕೆಂದೇ ಇರುವ ಭಾರತೀಯ ಮಾನಕ ಐಎಸ್ 875ರ 3ನೇ ಭಾಗದಲ್ಲಿ, 2015ರ ಆವೃತ್ತಿಯದ್ದು, ಈ ಒಳಗಿನ ಒತ್ತಡಕ್ಕೇ ಬೇರೆ ಲೆಕ್ಕವಿದೆ ಎಂದು ತೋರಿಸಿದಳು.

ಹಾಗಾದರೆ ಬಾಗಿಲು ಮೂಡಣಕ್ಕೆ. ಅಲ್ಲಿ ಕಣ ಇದೆ, ರಸ್ತೆ ಇದೆ, ಲಾರಿ ಹಿಂದೆ ಮಾಡಿಕೊಂಡು ಒಳಗೆ ಬರಬೇಕು. ಲೋಡಾದ ಲಾರಿಗೆ 14 ಅಡಿಯಾದರೂ ಬಾಗಿಲು ಬೇಕು, ಅದರ ಮೇಲೆ ತೊಲೆಗೆ ಜಾಗ. ಮೂಡಣದ ಕಂಬ 16 ಅಡಿ ಎನ್ನುವುದು ಇಲ್ಲಿಗೆ ನಿಂತಿತು. ನೆತ್ತಿ ನಡುವಿನಲ್ಲೇ ಇರಬೇಕೆಂದರೆ ಪಡುವಣಕ್ಕೂ 16 ಅಡಿ ಕಂಬ, 16 ಅಡಿ ಗೋಡೆ. ಯಾರಿಗೂ ಬೇಡದ ಎತ್ತರ ಅದು. ಅಲ್ಲಿ ಮೂಟೆ ಜೋಡಿಸುತ್ತೇವೆ, ಆಳು ಎತ್ತಿ ಇಡುವುದೇ ಏಳೆಂಟು ಅಡಿ. ಉಳಿದ ಎತ್ತರವೆಲ್ಲ ಕಣಿವೆಯ ಗಾಳಿಗೆ ಎದೆ ಕೊಟ್ಟು ನಿಲ್ಲಲಿಕ್ಕೆ ಮಾತ್ರ.

ಇದನ್ನೆಲ್ಲ ಊಟದ ಮೇಜಿನ ಮೇಲೆ ರಟ್ಟು ಕತ್ತರಿಸಿ ಮಡಚಿ ಮಾವನಿಗೆ ತೋರಿಸುತ್ತಿದ್ದೆ. ಸಮ ವಾಟದ್ದು ಒಂದು, ನೆತ್ತಿ ಸರಿಸಿದ್ದು ಒಂದು. ಮಾವ ಎರಡನೆಯದನ್ನು ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ತಿರುಗಿಸಿ ನೋಡಿದರು. "ಮಗ್ಳೇ, ಇದು ಗೊರಬು ಅಲ್ವಾ," ಅಂದರು.

ಹೌದು, ಗೊರಬೇ, ಮಳೆಯಲ್ಲಿ ಗದ್ದೆ ಕೆಲಸಕ್ಕೆ ತಲೆಯಿಂದ ಬೆನ್ನ ಮೇಲೆ ಹೊದೆಯುವುದು. ನಾಟಿಗೆ ಬಗ್ಗಿದ ಹೆಂಗಸರ ತಲೆಯ ಮೇಲೆ ಅದರ ಮಡಚಿದ ಏಣು ಕೂರುತ್ತದೆ, ಮುಂದೆ ಗೇಣುದ್ದ ಚಾಚು, ಹಿಂದೆ ಬೆನ್ನು ಪೂರ್ತಿ ಮುಚ್ಚಿ ಸೊಂಟದ ಕೆಳಗಿನ ತನಕ ಇಳಿಯುವ ಉದ್ದ. ಕೈ ಕೆಲಸ ಮಾಡುವ ಕಡೆ ತೆರವು, ಮಳೆ ಹೊಡೆಯುವ ಕಡೆ ಮುಚ್ಚು. ನನ್ನ ಅವ್ವ ಗೊರಬು ಹಾಕಿಕೊಂಡು ಗದ್ದೆಯಲ್ಲಿ ಸಾಲಿನುದ್ದಕ್ಕೂ ಹಿಂದೆ ಸರಿಯುತ್ತಾ ನಾಟಿ ನೆಡುವುದನ್ನು ನೋಡುತ್ತಾ ಬೆಳೆದವಳು ನಾನು. ಕಣ್ಣ ಮುಂದೆ ಇದ್ದ ಆಕಾರ ರಟ್ಟಿನಲ್ಲಿ ಬಂದರೂ ನನಗೆ ಹೊಳೆದಿರಲಿಲ್ಲ, ಮಾವನಿಗೆ ಹೊಳೆಯಿತು. ಆವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಗೊರಬು ಶೆಡ್ಡು ಎಂದೇ ಹೆಸರು.

ಆದರೆ ನೆತ್ತಿ ಸರಿಸುವುದರಲ್ಲಿ ಎರಡು ಬಗೆಯಿದೆ. ಇದನ್ನು ಮೊದಲೇ ತಿಳಿದುಕೊಳ್ಳದೆ ಕೊಟೇಶನ್ ಕೇಳಲು ಹೋಗಬೇಡಿ. ಒಂದು, ಎರಡೂ ಕಡೆಯ ಕಂಬ ಒಂದೇ ಎತ್ತರ ಇಟ್ಟು, ನೆತ್ತಿಯನ್ನು ಪಕ್ಕಕ್ಕೆ ಸರಿಸುವುದು. ಆಗ ಒಂದು ವಾಟ ಕಡಿದು, ಇನ್ನೊಂದು ಚಪ್ಪಟೆ. ಎರಡನೆಯದು, ಎರಡೂ ಕಡೆಯ ವಾಟವನ್ನು ಒಂದೇ ಆಗಿಟ್ಟು ಕಂಬದ ಎತ್ತರ ಬೇರೆ ಮಾಡುವುದು. ಮೊದಲನೆಯದರಲ್ಲಿ ಉದ್ದನೆಯ ಕಡೆ ವಾಟ ಕಡಿಮೆಯಾಗುತ್ತದೆ. ನಮ್ಮ ಮಳೆಗೆ, ಅದೂ ಹೆಚ್ಚು ನೀರು ಹರಿಯಬೇಕಾದ ಮಗ್ಗುಲಲ್ಲಿ ವಾಟ ಕಮ್ಮಿ ಮಾಡುವುದು ನನಗೆ ಸರಿ ಕಾಣಲಿಲ್ಲ. ನೆತ್ತಿಯ ಮೇಲೆ ಕೂರುವ ಮುಚ್ಚು ತಗಡನ್ನೂ ಬೇರೆ ಕೋನಕ್ಕೆ ಮಡಚಿಸಬೇಕು. ಎರಡನೆಯದೇ ನಮ್ಮದು. 4 ಅಡಿ ಹೋದರೆ 1 ಅಡಿ ಏರು, ಎರಡೂ ಕಡೆ. ಪಡುವಣದ 10 ಅಡಿಯಿಂದ ಹೊರಟು 32 ಅಡಿ ಬಂದರೆ 8 ಅಡಿ ಏರಿ 18 ಆಗುತ್ತದೆ. ಮೂಡಣದ 16ರಿಂದ 8 ಅಡಿ ಒಳಗೆ ಬಂದರೆ 2 ಅಡಿ ಏರಿ ಅದೂ 18. ಎರಡು ಕಂಬದ ಎತ್ತರ, ಅಗಲ, ವಾಟ ಮೂರೂ ನಿಂತ ಮೇಲೆ ನೆತ್ತಿ ಎಲ್ಲಿ ಎನ್ನುವುದು ತಾನಾಗಿಯೇ ನಿಲ್ಲುತ್ತದೆ, ನಾವು ಆರಿಸುವುದಕ್ಕೆ ಉಳಿದಿರುವುದಿಲ್ಲ. ಸಮ ಶೆಡ್ಡಾಗಿದ್ದರೆ ನೆತ್ತಿ 21 ಅಡಿಗೆ ಹೋಗುತ್ತಿತ್ತು. ಮೂರು ಅಡಿ ತಗ್ಗಿತು, ಪಡುವಣದ ಗೋಡೆ ಆರು ಅಡಿ ತಗ್ಗಿತು. 60 ಅಡಿ ಉದ್ದಕ್ಕೆ ಲೆಕ್ಕ ಹಾಕಿದರೆ ಗಾಳಿಗೆ ಒಡ್ಡುವ ಗೋಡೆಯಲ್ಲೇ 360 ಚದರಡಿ ಕಡಿಮೆ.

ಒಂದೇ ವಾಟ ಯಾಕೆ ಮಾಡಲಿಲ್ಲ ಎಂದು ಕೇಳಿದವರಿದ್ದಾರೆ. ಅದೇ ವಾಟದಲ್ಲಿ 40 ಅಡಿ ಏರಿದರೆ ಮೂಡಣದ ಗೋಡೆ 20 ಅಡಿ ಆಗುತ್ತದೆ. ಏಪ್ರಿಲ್-ಮೇ ತಿಂಗಳ ಗುಡುಗು ಮಳೆಗೆ ಮಳೆಗಾಲದ ಹಾಗೆ ದಿಕ್ಕಿನ ನಿಯತ್ತಿಲ್ಲ, ಯಾವ ಕಡೆಯಿಂದಲೂ ಬೀಸುತ್ತದೆ. 20 ಅಡಿ ಗೋಡೆ, ಅದರಲ್ಲಿ ದೊಡ್ಡ ಬಾಗಿಲು, ಅದಕ್ಕೆ ಎದುರು ಗಾಳಿ ಎಂದರೆ ಹಳೆಯ ಕತೆಯೇ ಇನ್ನೊಂದು ದಿಕ್ಕಿನಲ್ಲಿ ಮತ್ತೆ ನಡೆಯುತ್ತದೆ. ನಮ್ಮ ಎಂಜಿನಿಯರ್ ನಾಲ್ಕೂ ದಿಕ್ಕಿನ ಗಾಳಿಗೆ, ಬಾಗಿಲು ತೆರೆದಾಗ ಮತ್ತು ಮುಚ್ಚಿದಾಗ ಎಂದು ಬೇರೆ ಬೇರೆಯಾಗಿ ಲೆಕ್ಕ ಮಾಡಿ ಕೊಟ್ಟಳು. ಅದನ್ನು ಕೇಳಿ ಪಡೆಯಿರಿ.

ಇನ್ನು ಕಬ್ಬಿಣದ ವಿಷಯ. ಮೊದಲು ಕೊಟೇಶನ್ ಕೊಟ್ಟ ಫ್ಯಾಬ್ರಿಕೇಶನ್‌ನವರೊಬ್ಬರು ಸಮ ಶೆಡ್ಡಿನ ಡ್ರಾಯಿಂಗನ್ನೇ ತೆಗೆದು, ನೆತ್ತಿಯನ್ನು ಎಳೆದು ಪಕ್ಕಕ್ಕೆ ಇಟ್ಟು ತಂದಿದ್ದರು. ಎರಡೂ ಕಡೆ ಅದೇ ಕಂಬ, ಬುಡಕ್ಕೆ ಅದೇ ಬೇಸ್ ಪ್ಲೇಟು, ಅದೇ ನಾಲ್ಕು ಬೋಲ್ಟು. "ಅಕ್ಕಾ, ತೂಕ ಕಮ್ಮಿ ಆಗ್ತದೆ, ದುಡ್ಡೂ ಕಮ್ಮಿ," ಎಂದರು. ಕೇಳಲು ಹಿತವಾಗಿತ್ತು. ಎಂಜಿನಿಯರ್ ಮಾತ್ರ ಒಪ್ಪಲಿಲ್ಲ, ಕಾರಣವನ್ನೂ ಬಿಡಿಸಿ ಹೇಳಿದಳು. ಸಮನಾದ ಚೌಕಟ್ಟಿನ ಮೇಲೆ ಚಾವಣಿಯ ಭಾರ ಎರಡೂ ಕಡೆ ಸಮವಾಗಿ ಇಳಿಯುತ್ತದೆ, ಎಡದ ದೂಡುವಿಕೆಯನ್ನು ಬಲದ್ದು ತಡೆಯುತ್ತದೆ. ನೆತ್ತಿ ಸರಿದ ಚೌಕಟ್ಟು ಗಾಳಿ ಇಲ್ಲದಿದ್ದರೂ, ಬರೀ ತನ್ನ ಭಾರಕ್ಕೇ ಒಂದು ಮಗ್ಗುಲಿಗೆ ಚೂರು ಸರಿಯಲು ನೋಡುತ್ತದೆ. ಆಮೇಲೆ ಕಂಬಗಳು. ಒಂದೇ ಅಳತೆಯ ಕಬ್ಬಿಣದಲ್ಲಿ ಗಿಡ್ಡ ಕಂಬ ಹೆಚ್ಚು ಸೆಟೆದಿರುತ್ತದೆ, ಉದ್ದ ಕಂಬ ಬಳುಕುತ್ತದೆ. 10 ಅಡಿಯದು 16 ಅಡಿಯದಕ್ಕಿಂತ ಸುಮಾರು 4 ಪಟ್ಟು ಗಡಸು, ಯಾಕೆಂದರೆ ಎತ್ತರದ ಅನುಪಾತ 1.6, ಅದನ್ನು ಮೂರು ಸಲ ಗುಣಿಸಿದರೆ 4.1. ಗಾಳಿ ಅಡ್ಡಕ್ಕೆ ದೂಡಿದಾಗ ಆ ಬಲದ ಬಹುಪಾಲನ್ನು ಗಡಸು ಕಂಬವೇ ಹೊರಬೇಕಾಗುತ್ತದೆ. ಅಂದರೆ ನಮ್ಮ ಕಟ್ಟಡದಲ್ಲಿ ನೋಡಲು ಪುಟ್ಟದಾಗಿರುವ ಪಡುವಣದ ಕಂಬದ ಬುಡಕ್ಕೇ ಹೆಚ್ಚು ಕೆಲಸ. ಅದಕ್ಕೆ ದಪ್ಪ ಪ್ಲೇಟು, ಆರು ಬೋಲ್ಟು. ಮೂಡಣದ ಉದ್ದ ಕಂಬಕ್ಕೆ ಅಗಲವಾದ ಬೀಮು, ಅದು ಚಾವಣಿಯ ತೊಲೆಗೆ ಸೇರುವ ಮೂಲೆಯಲ್ಲಿ ಇನ್ನೂ ಆಳವಾದ ಪ್ಲೇಟು. ಹೀಗೆ ಎರಡು ಕಡೆಗೆ ಎರಡು ಬಗೆಯ ಕಂಬ ಬಂದವು. ಗೋಡೆಯ ಶೀಟಿನಲ್ಲಿ ಉಳಿದ ದುಡ್ಡಿನ ಒಂದು ಭಾಗ ಇಲ್ಲಿಗೆ ಹೋಯಿತು. ಹೋಗಬೇಕಾದದ್ದೇ. ನೆತ್ತಿ ಸರಿಸಿದರೆ ಅಗ್ಗವಾಗುತ್ತದೆ ಎಂದು ಯಾರಾದರೂ ಹೇಳಿದರೆ ಕಂಬದ ಬುಡದ ಲೆಕ್ಕ ತೋರಿಸಿ ಎಂದು ಕೇಳಿ.

ಪಡುವಣದ ಅಂಚು ಹಿಂದೆ ಮಣ್ಣು ತುಂಬಿಸಿದ ಜಾಗವಾಗಿತ್ತು. ಗಟ್ಟಿ ಮಣ್ಣು ಸಿಗುವ ತನಕ 7 ಅಡಿ ಪಾಯ ತೆಗೆಸಿದೆವು.

ನನ್ನ ನಿದ್ದೆ ಕೆಡಿಸಿದ್ದು ಕಬ್ಬಿಣವಲ್ಲ, ನೀರು. ನೆತ್ತಿ ಸರಿಸುವುದೆಂದರೆ ಮಳೆಯನ್ನು ಪಾಲು ಮಾಡುವುದು. ಸಮ ಚಾವಣಿಯಲ್ಲಿ ಅರ್ಧ ನೀರು ಆಚೆ, ಅರ್ಧ ಈಚೆ. ನಮ್ಮದರಲ್ಲಿ ಪಡುವಣದ ಸೂರನ್ನು 3 ಅಡಿ ಹೊರಗೆ ಚಾಚಿಸಿದ್ದೇವೆ, ಮೂಡಣದ್ದನ್ನು 2 ಅಡಿ. ಹಾಗೆ ಪಡುವಣಕ್ಕೆ ಬೀಳುವ ಚಾವಣಿ 2100 ಚದರಡಿ, ಅಂದರೆ 195 ಚದರ ಮೀಟರು. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಎಂದರೆ ಸರಿಯಾಗಿ ಒಂದು ಲೀಟರ್. ನಮ್ಮಲ್ಲಿ ಜುಲೈನಲ್ಲಿ ದಿನಕ್ಕೆ 100 ಮಿಲಿಮೀಟರ್ ಸುರಿದರೆ ಯಾರೂ ಆಶ್ಚರ್ಯ ಪಡುವುದಿಲ್ಲ. ಅಂಥ ಒಂದು ದಿನ ಪಡುವಣಕ್ಕೆ 19,500 ಲೀಟರ್, ಮೂಡಣಕ್ಕೆ ಐದೂವರೆ ಸಾವಿರ ಚಿಲ್ಲರೆ. ಆದರೆ ಸೂರಿನ ನೀರು ಹಿಡಿಯುವ ದೋಣಿಯ ಅಳತೆಗೆ ದಿನದ ಲೆಕ್ಕ ಸಾಲದು, ಬಿರುಸಿನ ಲೆಕ್ಕ ಬೇಕು. ಗಂಟೆಗೆ 75 ಮಿಲಿಮೀಟರಿನಂತೆ ಹೊಡೆದರೆ ಆ ಒಂದು ಸೂರಿನಿಂದ ಸೆಕೆಂಡಿಗೆ 4 ಲೀಟರ್. ಸ್ನಾನದ ಮನೆಯ ಬಕೆಟ್ಟು ನಾಲ್ಕು ಸೆಕೆಂಡಿಗೆ ತುಂಬುತ್ತದೆ.

2018ರ ಆಗಸ್ಟ್ ನೋಡಿದ ಮೇಲೆ ಕೊಡಗಿನಲ್ಲಿ ಯಾರೂ ಇಳಿಜಾರಿನ ಅಂಚಿಗೆ ನೀರು ಬಿಡುವ ಮಾತನ್ನು ಹಗುರವಾಗಿ ಆಡುವುದಿಲ್ಲ. ಮಕ್ಕಂದೂರು, ಜೋಡುಪಾಲ ಕಡೆ ಬೆಟ್ಟವೇ ಮನೆ ತೋಟ ಸಮೇತ ಇಳಿದು ಬಂದದ್ದನ್ನು ಕಂಡಿದ್ದೇವೆ. ನಮ್ಮ ಶೆಡ್ಡಿನ ಪಡುವಣಕ್ಕೆ ಕೆರೆಯ ತನಕ ಇಳುಕಲು. ಐದರಲ್ಲಿ ನಾಲ್ಕು ಪಾಲು ನೀರನ್ನು ಅದೇ ಅಂಚಿಗೆ ಕೊಡುತ್ತಿದ್ದೇನಲ್ಲ ಎಂದು ಯೋಚಿಸಿ, ಒಂದು ಹಂತದಲ್ಲಿ ಇಡೀ ಯೋಜನೆಯನ್ನೇ ಬಿಟ್ಟುಬಿಡೋಣ ಎನ್ನಿಸಿತ್ತು. ನೆತ್ತಿಯನ್ನು ಉಲ್ಟಾ ಮಾಡಿದರೆ ನೀರು ಕಣಕ್ಕೆ ಬರುತ್ತದೆ, ಗಾಳಿಗೆ ಎತ್ತರದ ಗೋಡೆ ಸಿಗುತ್ತದೆ. ಅದೂ ಆಗದು. ಕೊನೆಗೆ ಬರೆಯನ್ನು ಅಗೆಯದೆ, ಮಣ್ಣನ್ನು ಕಡಿಯದೆ, ನೀರು ನೆಲ ಮುಟ್ಟುವ ಮೊದಲೇ ಹಿಡಿಯುವುದು ಎಂದು ತೀರ್ಮಾನವಾಯಿತು. ಸೂರಿನುದ್ದಕ್ಕೂ ಒಂದಡಿ ಅಗಲದ ತಗಡಿನ ದೋಣಿ, ಮೂರು ಕಡೆ ಆರಿಂಚಿನ ಕೊಳವೆ, ಕೆಳಗೆ ಕಾಂಕ್ರೀಟಿನ ತೊಟ್ಟಿ, ಅಲ್ಲಿಂದ ಕೆರೆಯ ತನಕ ಮೆಟ್ಟಿಲು ಮೆಟ್ಟಿಲಾಗಿ ಕಲ್ಲು ಕಟ್ಟಿದ ಚರಂಡಿ. ಮೆಟ್ಟಿಲಿನಲ್ಲಿ ಬಿದ್ದು ಬಿದ್ದು ಹೋದರೆ ನೀರಿನ ರಭಸ ಮುರಿಯುತ್ತದೆ. ಮಳೆಗಾಲದಲ್ಲಿ ಕೆರೆ ಹೇಗಿದ್ದರೂ ತುಂಬುತ್ತದೆ, ಕೋಡಿ ಹರಿದು ತೋಡಿಗೆ ಹೋಗುತ್ತದೆ. ಶೆಡ್ಡಿಗೆ ಇಟ್ಟ ದುಡ್ಡಿನಲ್ಲಿ ಮಾವ ಒಮ್ಮೆಯೂ ಎರಡು ಮಾತಾಡದೆ ಕೊಟ್ಟದ್ದು ಈ ಚರಂಡಿಗೆ.

ಶೀಟಿನ ಉದ್ದವೂ ಒಂದು ಪಾಠ ಕಲಿಸಿತು. ನೆತ್ತಿಯಿಂದ ಪಡುವಣದ ಸೂರಿನ ತುದಿಗೆ ವಾಟದ ಮೇಲೆ ಅಳೆದರೆ 36 ಅಡಿ. ಒಂದೇ ತುಂಡಾಗಿ ಸಿಕ್ಕರೆ ಜೋಡಣೆಯೇ ಇರುವುದಿಲ್ಲ, ಸೋರುವ ಭಯವಿಲ್ಲ. ಆದರೆ ಅಷ್ಟುದ್ದದ ಶೀಟು ಹೇರಿದ ಲಾರಿ ಕುಶಾಲನಗರ ದಾಟಿ ಮಡಿಕೇರಿ ತಿರುವು ಹತ್ತಿ ಬಂದರೂ ನಮ್ಮ ತೋಟದ ದಾರಿಯಲ್ಲಿ ತಿರುಗುವುದಿಲ್ಲ. ಹದಿನೆಂಟೂವರೆ ಅಡಿಯ ಎರಡು ತುಂಡು, ನಡುವೆ ಒಂದಡಿ ಮೇಲುಹೊದಿಕೆ. ಆ ಹೊದಿಕೆ ಸರಿಯಾಗಿ ಪರ್ಲಿನ್ ಮೇಲೆಯೇ ಬರುವಂತೆ, ಒಳಗೆ ಎರಡು ಸಾಲು ಅಂಟುಪಟ್ಟಿ ಹಾಕಿಸಿದೆವು. ಪಕ್ಕದ ಹೊದಿಕೆಗೆ ಬಡಗಣ ತುದಿಯಿಂದ ಶುರು ಮಾಡಿಸಿದೆ. ಹಾಗೆ ಮಾಡಿದರೆ ಮೇಲಿನ ಶೀಟಿನ ಬಾಯಿ ಬಡಗಣಕ್ಕೆ ಬರುತ್ತದೆ, ನೈಋತ್ಯದ ಗಾಳಿ ಅದರೊಳಗೆ ನುಗ್ಗುವುದಿಲ್ಲ. ಕೆಲಸದ ಹುಡುಗರು ಮೆಟ್ಟಿಲು ಹತ್ತಿರವಿದೆ ಎಂದು ತೆಂಕಣದಿಂದ ಎರಡು ಶೀಟು ಹಾಕಿಯೇಬಿಟ್ಟಿದ್ದರು. ಬಿಚ್ಚಿಸಿದೆ. ಸೂರಿನ ಅಂಚಿನ ಸಾಲುಗಳಲ್ಲಿ ಸ್ಕ್ರೂ ಹತ್ತಿರ ಹತ್ತಿರ ಹಾಕಿಸಿದ್ದೇನೆ, ಒಂದೊಂದರ ಅಡಿಯಲ್ಲೂ ಅಗಲ ವಾಷರ್. ಹಳೆಯ ಶೀಟಿನ ಆ ಹಿಗ್ಗಿದ ತೂತಿನ ತುಂಡನ್ನು ಕತ್ತರಿಸಿ ಇಟ್ಟುಕೊಂಡಿದ್ದೆ. ಮೇಲೆ ಹತ್ತುವ ಮೊದಲು ಹುಡುಗರಿಗೆ ಅದನ್ನೇ ತೋರಿಸಿದೆ.

ಜೂನಿನಲ್ಲಿ ಮಳೆ ಹಿಡಿಯಿತು. ಜುಲೈ ನಡುವೆ ಮೂರು ದಿನ ಬಿಡದೆ ಗಾಳಿ ಬಂತು. ಎರಡನೆಯ ದಿನ ಸಂಜೆ ಮಾವ ಕಂಬಳಿ ಹೊದ್ದು ಪಡುವಣದ ಗೋಡೆಯ ಒಳಗಡೆ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಪಕ್ಕ ಕುರ್ಚಿ ಹಾಕಿಕೊಂಡು ಕೂತಿದ್ದರು. ಮೇಲೆ ಮಳೆಯ ಸದ್ದು ಎಷ್ಟಿತ್ತೆಂದರೆ ಮಾತು ಕೇಳಿಸುತ್ತಿರಲಿಲ್ಲ. ಆ ಸದ್ದೊಂದಕ್ಕೆ ಇನ್ನೂ ದಾರಿ ಮಾಡಿಲ್ಲ. ಮಾವ ಗೋಡೆಯ ಮೇಲೆ ಅಂಗೈ ಇಟ್ಟು ಅದುರುತ್ತದಾ ಎಂದು ನೋಡುತ್ತಿದ್ದರು. ನನ್ನನ್ನು ಕರೆದು ಕೈ ಇಡಲು ಸನ್ನೆ ಮಾಡಿದರು. ಸಣ್ಣ ನಡುಕವಿತ್ತು, ಅಷ್ಟೆ. ಹಳೆಯ ಶೆಡ್ಡಿನಲ್ಲಿ ಅದೇ ಜಾಗದಲ್ಲಿ ಎರಚಲಿಗೆ ನೆಲ ಆರಡಿ ಒಳಗಿನ ತನಕ ಒದ್ದೆಯಾಗಿರುತ್ತಿತ್ತು. ಈ ಸಲ ಚೀಲದ ಕೆಳಗಿನ ಹಲಗೆ ಮುಟ್ಟಿ ನೋಡಿದೆ, ಒಣಗಿತ್ತು.

ದೋಣಿ ಮಾತ್ರ ಮೂರನೆಯ ದಿನ ನಡುವಿನ ಕೊಳವೆಯ ಹತ್ತಿರ ತುಂಬಿ ಹೊರಚೆಲ್ಲಿತು. ಓಕಿನ ಎಲೆ ಕಟ್ಟಿಕೊಂಡಿತ್ತು, ತೆಗೆದ ಮೇಲೂ ಬಿರುಸಿನ ಹೊತ್ತಿನಲ್ಲಿ ಅಂಚಿನ ತನಕ ಬರುತ್ತಿತ್ತು. ಬೇಸಿಗೆಯಲ್ಲಿ ಅಲ್ಲಿ ಇನ್ನೊಂದು ಕೊಳವೆ ಇಳಿಸಬೇಕು, ಎಲೆ ತಡೆಯಲು ಜಾಲರಿ ಹಾಕಬೇಕು. ಪೈಪು ತಂದು ಲೈನ್ ಮನೆಯ ಹಿಂದೆ ಇಟ್ಟಿದ್ದೇನೆ.